ಹೆಲ್ಮೆಟ್ ಒಳಗಿನ ಕತ್ತಲೆಗೆ ಲೈಟ್ ಹಾಕಿದ ಅಂಗಡಿ: ಮೂರು ಪೋಸ್ಟರ್ ತರಿಸಿದ ನನ್ನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಅಂಗಡಿ ಹೆಸರು ಹಾಕಲ್ಲ. ಆನ್‌ಲೈನಲ್ಲಿ ಆರ್ಡರ್ ತಗೊಂಡು ಪೋಸ್ಟರ್ ಪ್ರಿಂಟ್ ಮಾಡಿ ಮನೆಗೆ ಕಳ್ಸೋರು ಬೆಂಗಳೂರಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದ್ರಲ್ಲಿ ಇವ್ರೂ ಒಬ್ರು. ಹುಡುಗ್ರು ಮಾತಿಗೆ ಒಳ್ಳೆಯವ್ರೇ, ಕೊನೆಗೆ ಒಂದು ಪ್ರಿಂಟಿನ ದುಡ್ಡು ವಾಪಸ್ಸೂ ಹಾಕಿದ್ರು, ಅದಕ್ಕೆ ಹೆಸರು ಎಳೆದು ತರೋದು ಬೇಡ ಅನ್ನಿಸ್ತು. ಆದ್ರೆ ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಪೇಂಟಿಂಗ್‌ಗಳ ಪ್ರಿಂಟ್ ತರಿಸ್ಬೇಕು, ಮನೇಲೊಂದು ಕತ್ತಿ ಹಿಡಿದ ವೀರ ಇರ್ಲಿ ಅಂತ ಆಸೆ ಇರೋರು ಇದನ್ನ ಓದ್ಕೊಂಡು ಆಮೇಲೆ ಆರ್ಡರ್ ಮಾಡಿ. ನನ್ನ ಥರ ಒಂದೇ ಚಿತ್ರಕ್ಕೆ ಎರಡು ಸಲ ದುಡ್ಡು ಸುರಿಯೋದು ಬೇಡ.

ಹೋದ ದೀಪಾವಳಿಗೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸಿದ್ವಿ, ಹಾಲ್‌ನ ಒಂದು ಗೋಡೆ ಬೋಳಾಗಿ ಕೂತಿತ್ತು. ಹೆಂಡ್ತಿ ಯಾವ್ದಾದ್ರೂ ಹಳ್ಳಿ ಸೀನರಿ ಹಾಕೋಣ ಅಂದ್ಲು, ನಾನು ಕಾಲೇಜ್ ದಿನದಿಂದ ಬಚ್ಚಿಟ್ಕೊಂಡಿದ್ದ ಆಸೆ ಹೊರಗೆ ತೆಗೆದೆ. ಮೂರು ಪ್ರಿಂಟ್ ಆರ್ಡರ್ ಮಾಡಿದ್ದು: ಅಮೆರಿಕದ ಪೇಂಟರ್ ಫ್ರಾಂಕ್ ಫ್ರಜೆಟ್ಟಾ 1973ರಲ್ಲಿ ಬರೆದ ಡೆತ್ ಡೀಲರ್ (ಅಂದ್ರೆ ಸಾವಿನ ವ್ಯಾಪಾರಿ), 1977ರ ಸ್ಟಾರ್ ವಾರ್ಸ್ ಸಿನಿಮಾಕ್ಕೆ ಟಾಮ್ ಜಂಗ್ ಬರೆದ ಪೋಸ್ಟರ್, ಆಮೇಲೆ ಚೆಸ್ಲಿ ಬೋನ್‌ಸ್ಟೆಲ್ ಅನ್ನೋರ 1944ರ ಚಿತ್ರ, ಶನಿಯ ಉಪಗ್ರಹ ಟೈಟನ್ ಮೇಲಿಂದ ಶನಿಗ್ರಹ ಹೆಂಗ್ ಕಾಣ್ಬಹುದು ಅಂತ. ಮೂರೂ ಎ2 ಸೈಜ್, "ಪ್ರೀಮಿಯಂ ಮ್ಯಾಟ್, 300 ಜಿಎಸ್ಎಂ" (ಅಂದ್ರೆ ಹೊಳಪಿಲ್ಲದ ದಪ್ಪ ಕಾಗದ), ಫ್ರೇಮ್ ಇಲ್ದೆ ಒಟ್ಟು 4,200 ರೂಪಾಯಿ. ಲೈಸೆನ್ಸ್ ತಗೊಂಡು ಪ್ರಿಂಟ್ ಮಾಡ್ತೀರಾ ಅಂತ ನಾನು ಕೇಳ್ಲಿಲ್ಲ, ಅದು ನನ್ನದೇ ತಪ್ಪು, ಅದಕ್ಕೆ ಶಿಕ್ಷೆನೂ ಆಯ್ತು.

ಡೆಲಿವರಿ, ಪ್ಯಾಕಿಂಗ್ ಬಗ್ಗೆ ಒಂದು ಮಾತಿಲ್ಲ. ಐದನೇ ದಿನಕ್ಕೇ ಬಂತು, ಗಟ್ಟಿ ರಟ್ಟಿನ ಟ್ಯೂಬು, ಒಳಗೆ ಬಟರ್ ಪೇಪರ್ ಸುತ್ತಿ, ಎರಡೂ ಕಡೆ ಮುಚ್ಚಳ ಟೇಪ್ ಹಾಕಿ, ಒಂದು ಮೂಲೆನೂ ಮುದುರಿರ್ಲಿಲ್ಲ. ಇಲ್ಲಿಗೆ ಫುಲ್ ಮಾರ್ಕ್ಸ್.

ಮೊದ್ಲು ಡೆತ್ ಡೀಲರ್ ಬಿಚ್ಚಿ ಡೈನಿಂಗ್ ಟೇಬಲ್ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ಲೋಟ ಇಟ್ಟು ನೋಡ್ತೀನಿ, ಏನೋ ಎಡವಟ್ಟಾಗಿದೆ ಅನ್ಸುತ್ತೆ ಆದ್ರೆ ಏನು ಅಂತ ತಕ್ಷಣ ಗೊತ್ತಾಗ್ತಿಲ್ಲ. ಈ ಚಿತ್ರ ನೋಡಿಲ್ದೋರಿಗೆ ಹೇಳ್ತೀನಿ: ಒಂದು ದೊಡ್ಡ ಕಪ್ಪು ಕುದುರೆ ನಿಂತಿದೆ, ಮೇಲೊಬ್ಬ ಯೋಧ, ಕೈಯಲ್ಲಿ ರಕ್ತ ಹತ್ತಿದ ಕೊಡಲಿ, ತಲೆಗೆ ಕೊಂಬಿನ ಶಿರಸ್ತ್ರಾಣ, ಹಿಂದೆ ಹೊಗೆ ಬಣ್ಣದ ಆಕಾಶ, ಅದ್ರಲ್ಲಿ ರಣಹದ್ದುಗಳು. ಯುದ್ಧ ನಡೀತಿಲ್ಲ, ಮುಗಿದಿದ್ಯೋ ಶುರುವಾಗುತ್ತೋ ಅದೂ ಗೊತ್ತಿಲ್ಲ. ಶಿರಸ್ತ್ರಾಣದ ಕೆಳಗೆ ಮುಖ ಇರ್ಬೇಕಾದ ಕಡೆ ಬರೀ ಕತ್ತಲೆ, ಆ ಕತ್ತಲೆಯಲ್ಲಿ ಕೆಂಪಗೆ ಎರಡು ಚುಕ್ಕಿ. ಚಿತ್ರ ಅಂದ್ರೆ ಅಷ್ಟೇ. ಆ ಎರಡು ಚುಕ್ಕಿ ಮತ್ತು ಅದ್ರ ಸುತ್ತಲಿನ ಕತ್ತಲೆ.

ನನಗೆ ಬಂದ ಪ್ರಿಂಟಲ್ಲಿ ಆ ಕತ್ತಲೆ ಇಲ್ವೇ ಇಲ್ಲ. ಹೆಲ್ಮೆಟ್ ಒಳಗೆ ಬೂದಿ ಕಲಸಿ ಬಳಿದ ಹಾಗೆ ಒಂದು ಪೇಸ್ಟು, ಅದ್ರಲ್ಲಿ ಮೂಗಿನ ಥರ ಏನೋ, ತುಟಿ ಥರ ಏನೋ, ಕೆಂಪು ಚುಕ್ಕಿ ಎರಡೂ ಗುಲಾಬಿ ಬಣ್ಣಕ್ಕೆ ತಿರುಗಿ ಕಣ್ಣು ಬಂದೋರ ಹಾಗೆ ಕಾಣ್ತಿದೆ. ಸಾವಿನ ವ್ಯಾಪಾರಿ ಆಧಾರ್ ಕಾರ್ಡಿಗೆ ಫೋಟೋ ತೆಗಿಸ್ಕೊಂಡಂಗಿದ್ದ.

ಫೋನ್ ಮಾಡ್ದೆ. ಆ ಕಡೆ ಹುಡುಗ ಬಹಳ ಸಮಾಧಾನದಿಂದ "ಸಾರ್, ಫೈಲಲ್ಲಿ ಮುಖ ಕಾಣ್ತಾನೇ ಇರ್ಲಿಲ್ಲ ಸಾರ್, ತುಂಬಾ ಡಾರ್ಕ್ ಇತ್ತು, ಅದಕ್ಕೆ ನಮ್ಮ ಡಿಸೈನರ್ ಸ್ವಲ್ಪ ಬ್ರೈಟ್ ಮಾಡಿ ಸರಿ ಮಾಡಿದ್ರು, ಅದಕ್ಕೆ ಎಕ್ಸ್‌ಟ್ರಾ ಚಾರ್ಜ್ ಏನೂ ಹಾಕಿಲ್ಲ" ಅಂದ. ಅಪ್ಪಾ, ಮುಖ ಕಾಣ್ಬಾರ್ದು ಅಂತಾನೇ ಆ ಮನುಷ್ಯ ಹಂಗೆ ಬರೆದಿರೋದು ಅಂದೆ. ಒಂದು ಕ್ಷಣ ಸುಮ್ನಿದ್ದ. ಆಮೇಲೆ ನಿಜವಾಗ್ಲೂ ಗೊತ್ತಿಲ್ದೋರು ಕೇಳೋ ದನಿಯಲ್ಲಿ "ಮುಖ ಕಾಣ್ದೆ ಹೀರೋ ಹೆಂಗಾಗ್ತಾನೆ ಸಾರ್?" ಅಂದ.

ಆ ಪ್ರಶ್ನೆಗೆ ಫೋನಲ್ಲಿ ನನಗೆ ಉತ್ತರ ಬರ್ಲಿಲ್ಲ. ಸಿಟ್ಟು ಬಂತು, ಇಟ್ಬಿಟ್ಟೆ. ಈಗ ಈ ರಿವ್ಯೂನಲ್ಲಿ ಹೇಳ್ತೀನಿ, ಯಾಕಂದ್ರೆ ಪ್ರಿಂಟ್ ಒಳ್ಳೇದೋ ಕೆಟ್ಟದ್ದೋ ಅನ್ನೋದು ಈ ಪ್ರಶ್ನೆ ಮೇಲೇ ನಿಂತಿದೆ.

ಕಾಲೇಜಲ್ಲಿದ್ದಾಗ ಅವೆನ್ಯೂ ರೋಡ್ ಫುಟ್‌ಪಾತಲ್ಲಿ ಹತ್ತು ರೂಪಾಯಿಗೆ ಒಂದು ಹರಿದ ಇಂಗ್ಲಿಷ್ ಪೇಪರ್‌ಬ್ಯಾಕ್ ತಗೊಂಡಿದ್ದೆ, ಕಾನನ್ ಅನ್ನೋ ಕಾಡು ವೀರನ ಕಥೆಗಳು, ಕವರ್ ನೋಡೇ ತಗೊಂಡಿದ್ದು, ಒಳಗಿನ ಕಥೆ ಇವತ್ತಿಗೂ ಪೂರ್ತಿ ಓದಿಲ್ಲ. ಅದಕ್ಕೆ ಬಹಳ ವರ್ಷ ನಾಚ್ಕೆ ಪಟ್ಕೊಂಡಿದ್ದೆ, ಆಮೇಲೆ ನೋಡಿದ್ರೆ ಆ ಕವರ್ ಬರೆದ ಫ್ರಜೆಟ್ಟಾನೇ ಪುಸ್ತಕ ಓದಿರ್ಲಿಲ್ವಂತೆ, ತಾನೇ ಹೇಳ್ಕೊಂಡಿದ್ದಾನೆ. ಕಥೆಗಳು 1930ರ ದಶಕದವು, ರಾಬರ್ಟ್ ಹೋವರ್ಡ್ ಬರೆದದ್ದು, 1966ರಿಂದ ಲ್ಯಾನ್ಸರ್ ಅನ್ನೋ ಪ್ರಕಾಶನ ಅದನ್ನ ಪೇಪರ್‌ಬ್ಯಾಕಲ್ಲಿ ತಂದಾಗ ಫ್ರಜೆಟ್ಟಾ ಕವರ್ ಬರೆದ. ಮೊದಲ್ನೇ ಕವರ್ರೇ ಆ ಫೇಮಸ್ ಚಿತ್ರ: ಹೆಣಗಳು, ಮೂಳೆಗಳ ಗುಡ್ಡೆ ಮೇಲೆ ಕತ್ತಿ ಊರಿ ನಿಂತಿರೋ ಗಾಯದ ಮೈಯ ಕಾನನ್, ಕಾಲ ಹತ್ರ ಒಬ್ಬ ಹೆಂಗಸು. ಅಲ್ಲಿಂದ ಮುಂದೆ ಪುಸ್ತಕದ ಕವರ್ರು, ವಿಡಿಯೋ ಗೇಮ್ ಡಬ್ಬಿ, ಹೆವಿ ಮೆಟಲ್ ಬ್ಯಾಂಡಿನ ರೆಕಾರ್ಡು, ಎಲ್ಲಾ ಕಡೆ ಅದೇ ಗುಡ್ಡೆ, ಅದೇ ತ್ರಿಕೋನ, ಮೇಲೆ ಒಬ್ಬ ಗಂಡಸು.

ಫ್ರಜೆಟ್ಟಾ ಹುಟ್ಟಿದ್ದು 1928ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನಲ್ಲಿ, ಮನೆಹೆಸರಲ್ಲಿ ಎರಡು ಝಡ್ ಇತ್ತು, ನೋಡೋಕೆ ಚೆನ್ನಾಗಿಲ್ಲ ಅಂತ ಒಂದನ್ನ ಕಿತ್ತು ಹಾಕಿದ ಮಹಾನುಭಾವ. ಎಂಟನೇ ವಯಸ್ಸಿಗೇ ಆರ್ಟ್ ಸ್ಕೂಲು, ಹದಿಹರೆಯದಲ್ಲೇ ಕಾಮಿಕ್ಸು, ಬೇಸ್‌ಬಾಲ್ ಹುಚ್ಚು. ಸುಮಾರು ಒಂಬತ್ತು ವರ್ಷ ಬೇರೆಯೋರ ಹೆಸರಲ್ಲಿ ಬರ್ತಿದ್ದ ಕಾಮಿಕ್ ಸ್ಟ್ರಿಪ್ಪಿಗೆ ಕೂಲಿಗೆ ಬರೆದು ಕೈ ಸವೆಸಿ, 1964ರಲ್ಲಿ ಮ್ಯಾಡ್ ಅನ್ನೋ ಹಾಸ್ಯ ಪತ್ರಿಕೆಗೆ ಬೀಟಲ್ಸ್‌ನ ರಿಂಗೋ ಸ್ಟಾರ್ ಚಿತ್ರ ಬರೆದಾಗ ಸಿನಿಮಾದೋರ ಕಣ್ಣಿಗೆ ಬಿದ್ದ, ಒಂದು ಸಿನಿಮಾ ಪೋಸ್ಟರಿಗೆ ಒಂದು ವರ್ಷದ ಸಂಬಳ ಒಂದೇ ಮಧ್ಯಾಹ್ನದಲ್ಲಿ ಬಂತಂತೆ. ಇನ್ನೊಂದು ದೊಡ್ಡ ಕೆಲಸ ಮಾಡಿದ, ಕವರ್ ಪ್ರಿಂಟ್ ಆದ್ಮೇಲೆ ಒರಿಜಿನಲ್ ಪೇಂಟಿಂಗ್ ನನಗೆ ವಾಪಸ್ ಬರ್ಬೇಕು ಅಂತ ಹಠ ಹಿಡಿದ, ಆ ಕಾಲದಲ್ಲಿ ಹಂಗೆ ಕೇಳೋರು ಕಡಿಮೆ. ಹೆಂಡ್ತಿ ಎಲೀ (Ellie) ವ್ಯವಹಾರ ನೋಡ್ಕೊಂಡು ತಾನೇ ಪೋಸ್ಟರ್ ಮಾರಿದ್ಲು, ಎಪ್ಪತ್ತರ ದಶಕದಲ್ಲಿ ಅಮೆರಿಕದ ಹಾಸ್ಟೆಲ್ ರೂಮುಗಳ ಗೋಡೆ ತುಂಬಾ ಅದೇ. ಇವತ್ತು ಆ ಹಠದ ಬೆಲೆ ನೋಡಿ: ಈಜಿಪ್ಷಿಯನ್ ಕ್ವೀನ್ 2019ರಲ್ಲಿ 54 ಲಕ್ಷ ಡಾಲರ್, ಡಾರ್ಕ್ ಕಿಂಗ್‌ಡಮ್ 2023ರಲ್ಲಿ 60 ಲಕ್ಷ ಡಾಲರ್. ರದ್ದಿ ಅಂಗಡಿಯ ಪತ್ರಿಕೆ, ಪೇಪರ್‌ಬ್ಯಾಕುಗಳ ಕವರ್ ಚಿತ್ರಕ್ಕೆ ಸ್ವಾಮಿ.

ಇಷ್ಟೆಲ್ಲಾ ಯಾಕೆ ಹೇಳ್ದೆ ಅಂದ್ರೆ, ಜನ ಫ್ರಜೆಟ್ಟಾ ಅಂದ್ರೆ ಬರೀ ಕಟ್ಟುಮಸ್ತು ಮೈ, ಜಿಮ್ ಬಾಡಿ ಅಂದ್ಕೊಂಡಿದ್ದಾರೆ. ನಾನೂ ಹಂಗೇ ಅಂದ್ಕೊಂಡಿದ್ದೆ, ಈ ಕೆಟ್ಟ ಪ್ರಿಂಟ್ ಬರೋ ತನಕ. ಬ್ರೈಟ್ ಮಾಡಿದ ಪ್ರಿಂಟಲ್ಲಿ ಎಲ್ಲಾ ಕಾಣ್ತಿದೆ: ಕುದುರೆ ಹೊಟ್ಟೆ, ಜೀನು, ಕಾಲಿನ ಕೆಳಗಿನ ನೆಲ, ಎಲ್ಲಾನೂ ಒಂದೇ ಸಮ ಬೆಳಕಲ್ಲಿ. ಆಗ್ಲೇ ನನಗೆ ಹೊಳೆದಿದ್ದು, ಒರಿಜಿನಲಲ್ಲಿ ಆತ ಇದೆಲ್ಲಾ ಬರೆದೇ ಇಲ್ಲ! ತೆಳ್ಳಗೆ ಕಂದು ಬಣ್ಣ ಬಳಿದು ಬಿಟ್ಬಿಟ್ಟಿದ್ದಾನೆ, ಅಂಚು ಎಲ್ಲಿ ಮುಗಿಯುತ್ತೆ ನೆರಳು ಎಲ್ಲಿ ಶುರುವಾಗುತ್ತೆ ಅಂತ ಗೊತ್ತಾಗದ ಹಾಗೆ ಕರಗಿಸಿದ್ದಾನೆ, ಬೆಳಕು ಬೀಳೋ ನಾಲ್ಕೈದು ಜಾಗದಲ್ಲಿ ಮಾತ್ರ ದಪ್ಪ ಬಣ್ಣ ಇಟ್ಟಿದ್ದಾನೆ. ಮಿಕ್ಕಿದ್ದನ್ನ ತುಂಬ್ಕೊಳ್ಳೋದು ನೋಡೋರ ತಲೆ. ಹೆಲ್ಮೆಟ್ ಒಳಗೆ ಏನಿದೆ ಅಂತ ನನಗೆ ಗೊತ್ತಿಲ್ಲ, ಅದಕ್ಕೇ ಅವನು ನನಗಿಂತ ದೊಡ್ಡವನು. ಅಂಗಡಿ ಹುಡುಗನಿಗೆ ನಾನು ಅವತ್ತು ಹೇಳ್ಬೇಕಾಗಿದ್ದು ಇದು. ಮುಖ ಕಂಡ ತಕ್ಷಣ ಅವನು ಯಾರೋ ಒಬ್ಬ ಆಗ್ಬಿಡ್ತಾನೆ, ನಮ್ಮ ಏರಿಯಾ ಜಿಮ್ ಟ್ರೈನರ್ ಥರ.

ಈ ಮುಖ ಇಲ್ಲದ ಯೋಧ ಎಲ್ಲೆಲ್ಲಿ ಹೋದ ನೋಡಿ. 1978ರಲ್ಲಿ ಮಾಲಿ ಹ್ಯಾಚೆಟ್ ಅನ್ನೋ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ ಮೇಲೆ, ಆಮೇಲೆ ಅದೇ ಯೋಧನ ಮೇಲೆ ಕಾದಂಬರಿಗಳು, ಅಮೆರಿಕ ಸೈನ್ಯದ ಮೂರನೇ ಕೋರ್ ಅನ್ನೋ ದೊಡ್ಡ ದಳ ಇವನನ್ನೇ ತಮ್ಮ ಗುರುತು ಮಾಡ್ಕೊಂಡು ಟೆಕ್ಸಾಸಿನ ಫೋರ್ಟ್ ಹುಡ್ ನೆಲೆಯಲ್ಲಿ ಪ್ರತಿಮೆನೇ ನಿಲ್ಸಿದೆ. ಫ್ರಜೆಟ್ಟಾ ತಾನೇ ಮುಂದೆ ಇವನದ್ದು ಇನ್ನೂ ಐದು ಚಿತ್ರ ಬರೆದ, ಅದ್ರಲ್ಲಿ ಯೋಧ ಕೊಡಲಿ ಬೀಸ್ತಾನೆ, ಹೊಡೀತಾನೆ, ಹಾರ್ತಾನೆ. ನನ್ನ ಅಭಿಪ್ರಾಯ ಹೇಳ್ಲಾ, ಮೊದಲ್ನೇದ್ರ ಮುಂದೆ ಅವ್ಯಾವೂ ಇಲ್ಲ. ಸುಮ್ನೆ ಕೂತಿದ್ದಾಗ ಇದ್ದ ಭಯ ಕೈ ಎತ್ತಿದ್ಮೇಲೆ ಹೋಯ್ತು.

ನಾವು ಚಿಕ್ಕವರಿದ್ದಾಗ ವೀರ ಅಂದ್ರೆ ಚಂದಮಾಮ. ನಮ್ಮಜ್ಜನ ಟ್ರಂಕಲ್ಲಿ ಐವತ್ತರ ದಶಕದ ಚಂದಮಾಮ ಇದ್ವು, ಮೈಸೂರಿನ ಎಂ.ಟಿ.ವಿ. ಆಚಾರ್ಯ ಬರೆದ ಮಹಾಭಾರತದ ಕವರ್‌ಗಳು. ಅದ್ರಲ್ಲಿ ಭೀಮನ ಕೋಪ ಕಣ್ಣಲ್ಲಿ ಕಾಣ್ಬೇಕು, ಕರ್ಣನ ಸಂಕಟ ಹುಬ್ಬಲ್ಲಿ ಕಾಣ್ಬೇಕು, ಕಿರೀಟದ ಒಂದೊಂದು ಮಣಿನೂ ಎಣಿಸೋ ಹಾಗಿರ್ಬೇಕು. ಕಲಬುರಗಿಯ ಎಸ್.ಎಂ. ಪಂಡಿತರದ್ದು ಇನ್ನೊಂದು ದಾರಿ, 1916ರಲ್ಲಿ ಹುಟ್ಟಿದೋರು, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದ್ರು, ಅವ್ರ ದೇವರುಗಳಿಗೆ ಹಾಲಿವುಡ್ ನಟರ ಮೈಕಟ್ಟು, ಬೆನ್ನ ಹಿಂದಿಂದ ಬೀಳೋ ಸ್ಟುಡಿಯೋ ಲೈಟು. ಫ್ರಜೆಟ್ಟಾನೂ ಪಂಡಿತರೂ ಇಬ್ರೂ ಬಜಾರಿಗೆ ಬರೆದೋರು, ಇಬ್ರನ್ನೂ ದೊಡ್ಡ ಗ್ಯಾಲರಿಯೋರು ಬಹಳ ಕಾಲ ಮೂಸಿ ನೋಡ್ಲಿಲ್ಲ. ಆದ್ರೆ ನಮ್ಮ ಕಡೆ ವೀರನ ಮುಖ ಅಂದ್ರೆ ದರ್ಶನ, ಅದು ಕಾಣ್ಲೇಬೇಕು, ಮುಚ್ಚಿಡೋಕಾಗಲ್ಲ. ಹಂಗ್ ನೋಡಿದ್ರೆ ಆ ಡಿಸೈನರ್ ಹುಡುಗನದ್ದು ತಪ್ಪು ಅನ್ನೋದೂ ಕಷ್ಟ, ಅವನೂ ನಮ್ಮ ಥರ ಕ್ಯಾಲೆಂಡರ್ ನೋಡ್ಕೊಂಡೇ ಬೆಳೆದವ್ನು, ಗರ್ಭಗುಡಿಯಲ್ಲಿ ದೇವರ ಮುಖ ಸರಿಯಾಗಿ ಕಾಣ್ಲಿಲ್ಲ ಅಂದ್ರೆ ಪೂಜಾರಿ ಮಂಗಳಾರತಿ ತಟ್ಟೆ ಎತ್ತಿ ತೋರಿಸ್ತಾರಲ್ಲ, ಹಂಗೆ ತೋರಿಸಿದ್ದಾನೆ.

ಟೆಕ್ನಿಕಲ್ ವಿಷಯನೂ ಇದೆ. ಬರೀ ಬ್ರೈಟ್ ಮಾಡಿದ್ದಷ್ಟೇ ಅಲ್ಲ, ಫೈಲೂ ಚಿಕ್ಕದು. ಎ2 ಸೈಜಿಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸರಿಯಾಗಿ ಪ್ರಿಂಟ್ ಆಗ್ಬೇಕಂದ್ರೆ 4961 ಇಂಟು 7016 ಪಿಕ್ಸೆಲ್ ಬೇಕು, ಗೋಡೆ ಮೇಲೆ ದೂರದಿಂದ ನೋಡೋಕೆ ಅದ್ರರ್ಧ ಇದ್ರೂ ನಡೆಯುತ್ತೆ. ಇವ್ರು ಇಂಟರ್ನೆಟ್ಟಿಂದ ಎತ್ಕೊಂಡ ಯಾವ್ದೋ ಪುಟಾಣಿ ಫೈಲನ್ನ ಸಾಫ್ಟ್‌ವೇರಲ್ಲಿ ಉಬ್ಬಿಸಿದ್ದಾರೆ, ಹತ್ರ ಹೋದ್ರೆ ರಣಹದ್ದುಗಳು ಗೋಡೆಗೆ ಅಂಟಿದ ಬೂಷ್ಟಿನ ಥರ ಕಾಣ್ತವೆ. ಆಮೇಲೆ ಮ್ಯಾಟ್ ಪೇಪರ್. ಮ್ಯಾಟ್ ಚೆಂದ, ಲೈಟ್ ಹೊಳೆಯಲ್ಲ, ಒಪ್ತೀನಿ, ಆದ್ರೆ ಸಾಧಾರಣ ಮ್ಯಾಟ್ ಪೇಪರಿಗೆ ಕಪ್ಪು ಬಣ್ಣ ಇಂಗಿ ಬೂದಿ ಥರ ಆಗ್ಬಿಡುತ್ತೆ, ಇಂಥ ಕತ್ತಲೆ ಚಿತ್ರಕ್ಕೆ ಪೇಪರೂ ಒಳ್ಳೇದಿರ್ಬೇಕು, ಇಂಕೂ ಒಳ್ಳೇದಿರ್ಬೇಕು. ಆರ್ಡರ್ ಮಾಡೋ ಮುಂಚೆ ಒಂದು ಅಂಗೈಯಗಲದ ಸ್ಯಾಂಪಲ್ ಕೇಳಿ, ಚಿತ್ರದ ಅತೀ ಕಪ್ಪು ಜಾಗದ್ದೇ ಕೇಳಿ, ಬೆಳಕಿನ ಜಾಗದ್ದು ಯಾರ್ ಬೇಕಾದ್ರೂ ಚೆನ್ನಾಗಿ ಪ್ರಿಂಟ್ ಮಾಡ್ತಾರೆ.

ಎರಡನೇದು ಸ್ಟಾರ್ ವಾರ್ಸ್ ಪೋಸ್ಟರ್. ಇದ್ರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬಣ್ಣ ಪರ್ವಾಗಿಲ್ಲ, ನೀಲಿ ಚೆನ್ನಾಗಿ ಬಂದಿದೆ, ಆದ್ರೆ ಒರಿಜಿನಲ್ ಪೋಸ್ಟರ್ 27 ಇಂಚು ಅಗಲ 41 ಇಂಚು ಎತ್ತರ, ಅದು ಎ2ಗಿಂತ ಉದ್ದನೆ ಆಕಾರ, ಇವ್ರು ಕೇಳದೇ ಮೇಲೆ ಕೆಳಗೆ ಕತ್ತರಿ ಹಾಕಿ ಕೂರಿಸಿದ್ದಾರೆ. ಹುಡುಗ ಎರಡೂ ಕೈಯೆತ್ತಿ ಹಿಡಿದಿರೋ ಬೆಳಕಿನ ಕತ್ತಿಯ ತುದಿನೇ ಹೋಗಿದೆ. ಆ ಕತ್ತಿ ಇಡೀ ಚಿತ್ರದ ನಡುಗಂಬ ರೀ. ಈ ಪೋಸ್ಟರಲ್ಲೂ ಅದೇ ಕಾನನ್ ತ್ರಿಕೋನ ನೋಡಿ, ಮೇಲೆ ಅಂಗಿ ಬಿಚ್ಚಿದ ಎದೆಯ ವೀರ, ಕೆಳಗೆ ಹೆಂಗಸು, ಹಿಂದೆ ಕಪ್ಪು ಹೆಲ್ಮೆಟ್ಟಿನ ದುಷ್ಟ. ಸಿನಿಮಾದಲ್ಲಿರೋ ಹುಡುಗ ಸಣಕಲ, ಪೋಸ್ಟರಲ್ಲಿ ಪೈಲ್ವಾನ. ರಾಕೆಟ್ಟು, ರೋಬೋಟು ಎಲ್ಲಾ ಇದ್ರೂ ಒಳಗೆ ಅದೇ ಹಳೇ ಕತ್ತಿ ವೀರನ ಚಿತ್ರ, ಅದಕ್ಕೇ ಜನಕ್ಕೆ ತಕ್ಷಣ ಅರ್ಥ ಆಯ್ತು ಅನ್ಸುತ್ತೆ. ತಮಾಷೆ ಅಂದ್ರೆ ಇಲ್ಲೂ ನನ್ನ ಕಣ್ಣು ಹೋಗೋದು ಮುಖ ಕಾಣದ ಆ ಕಪ್ಪು ಹೆಲ್ಮೆಟ್ ಕಡೆಗೇ.

ಮಗಳು ಏಳನೇ ಕ್ಲಾಸು, ಪಕ್ಕದಲ್ಲಿ ನಿಂತು ನೋಡ್ತಿದ್ಲು. ಫೋನಲ್ಲಿ ಹಳೇ ಕಾನನ್ ಕವರ್ ತೋರಿಸ್ದೆ. "ಅಪ್ಪಾ, ಅವಳ್ಯಾಕೆ ಅವನ ಕಾಲ್ ಹಿಡ್ಕೊಂಡಿದ್ದಾಳೆ, ಏನಾದ್ರೂ ಕಳ್ಕೊಂಡಿದ್ದಾಳಾ" ಅಂದ್ಲು. ಏನ್ ಹೇಳೋದು. ಬಟ್ಟೆ ಕಳ್ಕೊಂಡಿದ್ದಾಳಮ್ಮ ಅನ್ನೋಕಾಗುತ್ತಾ. ಫ್ರಜೆಟ್ಟಾ ಬರೆದ ಹೆಂಗಸ್ರು ಹುಲಿ ಜೊತೆ ನಿಲ್ಲೋ ಧೈರ್ಯದೋರೂ ಇದ್ದಾರೆ, ಮಾಟಗಾತಿಯರಿದ್ದಾರೆ, ರಾಣಿಯರಿದ್ದಾರೆ, ಆದ್ರೆ ಮುಕ್ಕಾಲು ಪಾಲು ಚಿತ್ರಗಳನ್ನ ಹಾಲಲ್ಲಿ ಹಾಕೋಕಾಗಲ್ಲ, ಹಾಕ್ಬಾರ್ದು ಕೂಡ, ಅದು ಯಾವ್ದೋ ಕಾಲದ ಗಂಡುಹುಡುಗ್ರ ಕನಸು. ಡೆತ್ ಡೀಲರ್ ಆರಿಸ್ಕೊಂಡಿದ್ದಕ್ಕೆ ಇದೂ ಒಂದು ಕಾರಣ, ಅದ್ರಲ್ಲಿ ಯಾರೂ ಯಾರ ಕಾಲೂ ಹಿಡ್ಕೊಂಡಿಲ್ಲ.

ಮೂರನೇದು ಬೋನ್‌ಸ್ಟೆಲ್. ಇದು ಮಾತ್ರ ಸೂಪರ್ ಆಗಿ ಬಂದಿದೆ, ಇದಕ್ಕೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಹಿಮ ಹೊದ್ದ ಬಂಡೆಗಳು, ನಡುವೆ ನೀಲಿ ಆಕಾಶದಲ್ಲಿ ದೊಡ್ಡದಾಗಿ ಶನಿ, ಬಳೆ ಸಮೇತ, ಬಿದಿಗೆ ಚಂದ್ರನ ಹಾಗೆ ಒಂದು ಅಂಚು ಮಾತ್ರ ಬೆಳಗ್ತಾ ಇದೆ. ಒಬ್ಬ ಮನುಷ್ಯನೂ ಇಲ್ಲ. ಬೋನ್‌ಸ್ಟೆಲ್ ಮೂಲತಃ ಕಟ್ಟಡಗಳ ನಕ್ಷೆ, ಚಿತ್ರ ಬರೀತಿದ್ದೋರು, ಕ್ರೈಸ್ಲರ್ ಬಿಲ್ಡಿಂಗು, ಗೋಲ್ಡನ್ ಗೇಟ್ ಸೇತುವೆ ಕೆಲಸದಲ್ಲೂ ಇದ್ರು, ಆ ಲೆಕ್ಕಾಚಾರದ ಕೈಯಲ್ಲೇ ಗ್ರಹಗಳನ್ನ ಬರೆದ್ರು. 1944ರಲ್ಲಿ ಲೈಫ್ ಪತ್ರಿಕೆಯಲ್ಲಿ ಇದು ಬಂದಾಗ ಚಂದ್ರನ ಮೇಲೆ ಯಾರೂ ಕಾಲಿಟ್ಟಿರ್ಲಿಲ್ಲ, ಕೃತಕ ಉಪಗ್ರಹ ಅನ್ನೋದೇ ಇರ್ಲಿಲ್ಲ, ಆ ಕಡೆ ಮಹಾಯುದ್ಧ ನಡೀತಿತ್ತು. ಅದೇ ವರ್ಷ ಕೈಪರ್ ಅನ್ನೋ ಖಗೋಳ ವಿಜ್ಞಾನಿ ಟೈಟನ್ ಮೇಲೆ ವಾತಾವರಣ ಇದೆ ಅಂತ ಪ್ರಕಟಿಸಿದ್ದ, ವಾತಾವರಣ ಇದ್ರೆ ಆಕಾಶ ನೀಲಿ ಇರ್ಬೇಕಲ್ವಾ, ಚಿತ್ರದಲ್ಲೂ ನೀಲಿನೇ.

ನಿಜ ಏನಂದ್ರೆ ಟೈಟನ್ ಮೇಲೆ ಹಂಗಿಲ್ಲ. 2005ರ ಜನವರಿ 14ರಂದು ಹೈಗನ್ಸ್ ನೌಕೆ ಅಲ್ಲಿ ಇಳಿದು ಕಳಿಸಿದ ಫೋಟೋ ನೋಡಿದ್ರೆ ಎಲ್ಲಾ ಕಿತ್ತಳೆ ಮಂಜು, ದುಂಡು ಕಲ್ಲುಗಳು, ಆ ಮಂಜಲ್ಲಿ ಶನಿ ಇಷ್ಟು ಚೊಕ್ಕವಾಗಿ ಕಾಣೋ ಹಾಗೇ ಇಲ್ಲ. ಚಿತ್ರ ತಪ್ಪು. ಆದ್ರೂ ಈ ಮೂರರಲ್ಲಿ ನನ್ನ ಹೆಂಡ್ತಿ ಒಪ್ಪಿದ್ದು ಇದೊಂದೇ, ಸೀನರಿ ಬೇಕು ಅಂದಿದ್ದೆ ಸೀನರಿನೇ ತಂದ್ರಲ್ಲ ಅಂದ್ಲು. ಇದ್ರಲ್ಲಿ ವೀರ ಎಲ್ಲಿ ಅಂತ ನೀವು ಕೇಳ್ಬಹುದು. ನನಗನ್ಸೋದು, ಇದನ್ನ ನೋಡ್ತಾ ಯಾರು ಅಲ್ಲಿ ನಿಂತಿದ್ದಾರೆ ಅನ್ನೋ ಪ್ರಶ್ನೆ ಬರುತ್ತಲ್ಲ, ಯಾರೋ ಅಲ್ಲಿಗೆ ಹೋಗಿ ನಿಂತ್ಕೊಂಡು ನೋಡಿದ್ರೆ ತಾನೇ ಈ ನೋಟ, ಆ ಯಾರೋ ಚಿತ್ರದ ಈಚೆಗಿದ್ದಾನೆ. ಡೆತ್ ಡೀಲರಲ್ಲಿ ಮುಖ ಇಲ್ಲ, ಇದ್ರಲ್ಲಿ ಆಳೇ ಇಲ್ಲ.

ಸರಿ, ಕಥೆಗೆ ಬರ್ತೀನಿ. ಅಂಗಡಿಯವ್ರು ಡೆತ್ ಡೀಲರ್ ಮತ್ತೆ ಪ್ರಿಂಟ್ ಮಾಡಿ ಕಳಿಸ್ತೀವಿ ಅಂದ್ರು, ಕಳಿಸಿದ್ರು, ಈ ಸಲ ಬ್ರೈಟ್ ಮಾಡಿಲ್ಲ, ಇಡೀ ಚಿತ್ರ ಕಪ್ಪು ಇದ್ದಿಲು, ಕುದುರೆ ಯಾವ್ದು ನೆರಳು ಯಾವ್ದು ಗೊತ್ತಾಗಲ್ಲ. ಕತ್ತಲೆ ಬೇಕು ಅಂದ್ರೆ ಬರೀ ಕತ್ತಲೆ ಅಲ್ಲಪ್ಪ ಅಂತ ಹೇಳೋಕೆ ಹೋಗ್ಲಿಲ್ಲ, ದುಡ್ಡು ವಾಪಸ್ ಕೊಡಿ ಅಂದೆ. ಆ ಒಂದು ಪ್ರಿಂಟಿನ 1,400 ರೂಪಾಯಿ ಹನ್ನೊಂದು ದಿನಕ್ಕೆ ಬಂತು.

ನನ್ನ ಭಾಮೈದ ನ್ಯೂಜೆರ್ಸಿಯಲ್ಲಿದ್ದಾನೆ. ವಾರಕ್ಕೊಂದು ವಿಡಿಯೋ ಕಾಲಲ್ಲಿ ಈ ಗೋಳು ತೋಡ್ಕೊಂಡೆ. "ಭಾವ, ಅವ್ರ ಮ್ಯೂಸಿಯಂ ಇಲ್ಲೇ ಪಕ್ಕದ ಪೆನ್ಸಿಲ್ವೇನಿಯಾದಲ್ಲಿದೆಯಲ್ಲ, ಈಸ್ಟ್ ಸ್ಟ್ರೌಡ್ಸ್‌ಬರ್ಗಲ್ಲಿ, ಪೋಕೊನೋ ಬೆಟ್ಟದ ಕಡೆ, ಹೆಂಗೂ ಶನಿವಾರ ಮಕ್ಕಳನ್ನ ಕರ್ಕೊಂಡು ಆ ಕಡೆ ಹೋಗ್ತೀವಿ, ತರ್ತೀನಿ ಬಿಡಿ" ಅಂದ. ಫ್ರಜೆಟ್ಟಾ ಕುಟುಂಬದ ಜಾಗದಲ್ಲೇ ಇರೋ ಮ್ಯೂಸಿಯಂ ಅದು. ಅದ್ರದ್ದೂ ಒಂದು ಸಿನಿಮಾ ಕಥೆ ಇದೆ, 2009ರ ಡಿಸೆಂಬರಲ್ಲಿ ಮನೆಯೋರ ಒಳಜಗಳದಲ್ಲಿ ಮಗನೇ ಜೆಸಿಬಿ ಥರದ್ದೊಂದು ಮೆಷಿನ್ ತಂದು ಗೋಡೆ ಒಡೆದು ಸುಮಾರು 90 ಪೇಂಟಿಂಗ್ ಸಾಗಿಸೋಕೆ ನೋಡಿದ್ರು, ಅದ್ರ ಬೆಲೆ 2 ಕೋಟಿ ಡಾಲರ್ ಅಂತ ಆಗ ಪೇಪರಲ್ಲಿ ಬಂತು, ಆಮೇಲೆ ರಾಜಿ ಆಗಿ ಕೇಸೂ ಬಿಟ್ರು. ಮುಂದಿನ ಮೇ ತಿಂಗಳಲ್ಲಿ ಫ್ರಜೆಟ್ಟಾ ಹೋಗ್ಬಿಟ್ಟ, 82 ವರ್ಷ. ಅದಕ್ಕೆ ಮುಂಚೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿದಾಗ ಎಡಗೈಯಲ್ಲಿ ಬರೆಯೋದು ಕಲ್ತಿದ್ದ. ಇಷ್ಟು ದಿನ ಗುಡ್ಡೆ ಮೇಲೆ ನಿಂತ ವೀರರನ್ನ ಬರೆದ ಮನುಷ್ಯನ ಬಗ್ಗೆ ನನಗೆ ಬಹಳ ಇಷ್ಟ ಆಗಿರೋ ಸಂಗತಿ ಇದೇ, ಅರವತ್ತು ದಾಟಿದ್ಮೇಲೆ ಮಗುವಿನ ಥರ ಬ್ರಶ್ ಹಿಡ್ಕೊಳ್ಳೋದು ಕಲಿತಿದ್ದು.

ಭಾಮೈದ ಹೋಗಿ ಬಂದು ಫೋನ್ ಮಾಡಿ ಮೊದಲು ಹೇಳಿದ ಮಾತು: "ಭಾವ, ಒರಿಜಿನಲ್ ಇಷ್ಟು ಚಿಕ್ಕದಿದ್ಯಲ್ಲ, ನಾನು ಗೋಡೆ ತುಂಬಾ ಇರುತ್ತೆ ಅಂದ್ಕೊಂಡಿದ್ದೆ." ಕವರ್ರಿಗೆ ಅಂತ ಬರೆದ ಚಿತ್ರಗಳಲ್ವಾ, ಮನೇಲಿ ಈಸಲ್ ಮೇಲೆ ಇಟ್ಕೊಂಡು ಬರೆಯೋ ಸೈಜು. ಚಿಕ್ಕದಿದ್ರೂ ದೂರದಿಂದ್ಲೇ ಕರೆಯುತ್ತೆ ಅಂದ, ಹತ್ರ ಹೋದ್ರೆ ಏನೂ ಇಲ್ಲ ಬರೀ ಕಂದು ಬಣ್ಣದ ಗೀಚು, ಮೂರು ಹೆಜ್ಜೆ ಹಿಂದೆ ಬಂದ್ರೆ ಅದೇ ಮೊಣಕಾಲು, ಅದೇ ಕಬ್ಬಿಣ ಅಂದ. ಅವನು ಸಾಫ್ಟ್‌ವೇರ್ ಟೆಸ್ಟಿಂಗಲ್ಲಿರೋನು, ಕಲೆ ಗಿಲೆ ಅಂತ ತಲೆ ಕೆಡಿಸ್ಕೊಂಡವನೇ ಅಲ್ಲ.

ಅಲ್ಲಿಂದ ತಂದ ಪ್ರಿಂಟ್ ಯಾರೋ ಊರಿಗೆ ಬರೋರ ಸೂಟ್‌ಕೇಸಲ್ಲಿ, ಎರಡು ಬೆಡ್‌ಶೀಟ್ ಮಧ್ಯೆ, ಸಂಕ್ರಾಂತಿ ಹೊತ್ತಿಗೆ ನಮ್ಮನೆಗೆ ಬಂತು. ಬೆಲೆ ಹೇಳಲ್ಲ, ಹೆಂಡ್ತಿನೂ ಇದನ್ನ ಓದ್ತಾಳೆ. ಆದ್ರೆ ವ್ಯತ್ಯಾಸ ಏನು ಅಂತ ಹೇಳ್ತೀನಿ. ಕಪ್ಪಲ್ಲೇ ಮೂರ್ನಾಲ್ಕು ಥರದ ಕಪ್ಪಿದೆ. ಕುದುರೆ ಕಪ್ಪು ಬೇರೆ, ಗುರಾಣಿ ಹಿಂದಿನ ಕಪ್ಪು ಬೇರೆ, ಹೆಲ್ಮೆಟ್ ಒಳಗಿನ ಕಪ್ಪು ಬೇರೆ, ಆ ಕೊನೇದ್ರಲ್ಲಿ ಬಾವಿ ಒಳಗೆ ಬಗ್ಗಿ ನೋಡಿದಷ್ಟು ಆಳ. ಎರಡು ಕೆಂಪು ಚುಕ್ಕಿ ಸರಿಯಾಗಿ ಅಕ್ಕಿ ಕಾಳಿಗಿಂತ ಚಿಕ್ಕದು, ಸಂಜೆ ಹೊತ್ತು ಹಾಲಲ್ಲಿ ಟ್ಯೂಬ್‌ಲೈಟ್ ಹಾಕೋಕೆ ಮುಂಚೆ ಹಾದುಹೋದ್ರೆ ನಿಮ್ಮನ್ನೇ ನೋಡುತ್ತೆ.

ಫ್ರೇಮ್ ಮಾಡಿಸಿದ್ದು ಪೇಟೆ ಕಡೆ ದೇವರ ಪಟಕ್ಕೆ ಕಟ್ಟು ಹಾಕೋ ಒಂದು ಹಳೇ ಅಂಗಡಿಯಲ್ಲಿ, ಇವ್ರಿಗೆ ಐದಕ್ಕೆ ಐದು. ಮುದುಕರು ಚಿತ್ರ ನೋಡಿ ಒಂದು ನಿಮಿಷ ಏನೂ ಮಾತಾಡ್ಲಿಲ್ಲ, ಆಮೇಲೆ "ಇದಕ್ಕೆ ಸಾದಾ ಗ್ಲಾಸ್ ಹಾಕಿದ್ರೆ ನಿಮ್ಮ ಮುಖನೇ ಕಾಣುತ್ತೆ, ಇವನ್ದು ಕಾಣಲ್ಲ" ಅಂತ ಹೊಳಪಿಲ್ಲದ ಗ್ಲಾಸ್ ತೋರಿಸಿದ್ರು, 600 ರೂಪಾಯಿ ಜಾಸ್ತಿ, ಹಾಕಿಸ್ದೆ. ಚಿತ್ರದ ಸುತ್ತ ಎರಡು ಇಂಚು ಮಾಸಲು ಬಿಳಿ ಮೌಂಟು, ತೆಳು ಕಪ್ಪು ಮರದ ಕಟ್ಟು. ಚಿನ್ನದ ಬಣ್ಣದ ಕಟ್ಟು ಹಾಕ್ತೀನಿ ಅಂತ ಅಲ್ಲಿನ ಹುಡುಗ ಹೇಳಿದ್ದಕ್ಕೆ ಅವ್ರೇ ಗದರಿದ್ರು, ಇದೇನು ಲಕ್ಷ್ಮಿ ಪಟನಾ ಅಂತ.

ಮಾರ್ಕ್ಸ್ ಕೊಡ್ಲೇಬೇಕು ಅಂದ್ರೆ ಆನ್‌ಲೈನ್ ಅಂಗಡಿಗೆ ಐದಕ್ಕೆ ಎರಡೂವರೆ. ಬೋನ್‌ಸ್ಟೆಲ್ ಥರ ಬೆಳಕಿನ ಚಿತ್ರ, ಗ್ರಹಗಳು, ರಾಕೆಟ್ಟು ಬೇಕಿದ್ರೆ ಇಂಥ ಕಡೆ ಧೈರ್ಯವಾಗಿ ತಗೊಳ್ಳಿ, "ಏನೂ ಕ್ರಾಪ್ ಮಾಡ್ಬೇಡಿ, ಬಿಳಿ ಅಂಚು ಬಿಟ್ರೂ ಪರ್ವಾಗಿಲ್ಲ" ಅಂತ ಆರ್ಡರಲ್ಲೇ ಬರೀರಿ. ಕತ್ತಲೆ ಇರೋ ಚಿತ್ರ ಬೇಕಿದ್ರೆ ದುಡ್ಡು ಕೂಡಿಟ್ಟು ಬರೆದೋರ ಮನೆಯೋರ ಹತ್ರಾನೇ ತರಿಸಿ.

ಈಗ ಹೊಸ ತಕರಾರು ನಮ್ಮಮ್ಮಂದು. ಊರಿಂದ ಬಂದೋರು ಹಾಲಲ್ಲಿ ನಿಂತು ಕನ್ನಡಕ ಸರಿ ಮಾಡ್ಕೊಂಡು ನೋಡಿ, "ಇದೇನೋ ಯಮ ಕೂತಂಗಿದೆ, ಕೋಣ ಬಿಟ್ಟು ಕುದುರೆ ಹತ್ತಿದ್ದಾನೆ, ದೇವರ ಮನೆ ಎದುರಿಗೇ ಹಾಕಿದ್ಯಲ್ಲೋ" ಅಂದ್ರು. ಒಂದು ಮಾತಲ್ಲಿ ಚಿತ್ರದ ಹೆಸರನ್ನೇ ಹೇಳ್ಬಿಟ್ರು. ಪಟ ಈಗ ನನ್ನ ಕಂಪ್ಯೂಟರ್ ಟೇಬಲ್ ಮೇಲಿನ ಗೋಡೆಗೆ ಹೋಗಿದೆ, ಹಾಲಲ್ಲಿ ಶನಿಗ್ರಹ ಇದೆ. ಅದು ಶನಿ ಅಂತ ಅಮ್ಮಂಗೆ ಯಾರೂ ಹೇಳಿಲ್ಲ.

ಮೊದಲ ಸಲ ಬಂದ ಆ ಬೂದಿ ಮುಖದ ಪ್ರಿಂಟ್ ಎಸೆಯೋಕೆ ಮನಸ್ಸಾಗದೆ ಬೀರು ಹಿಂದೆ ಇಟ್ಟಿದ್ದೆ. ಪಕ್ಕದ ಸೈಟಲ್ಲಿ ಮನೆ ಕಟ್ತಿದ್ದಾರೆ, ಅಲ್ಲಿನ ಮೇಸ್ತ್ರಿ ನೀರು ಕೇಳೋಕೆ ಬಂದಾಗ ನೋಡಿ, "ಸಾರ್ ಇದು ನಿಮಗೆ ಬೇಡ ಅಂದ್ರೆ ನಮಗೆ ಕೊಡಿ" ಅಂದ. ಪ್ಲಾಸ್ಟಿಕ್ ಕವರ್ ಹಾಕಿ ಕೊಟ್ಟೆ. ಎರಡನೇ ಮಹಡಿ ಪಿಲ್ಲರಿಗೆ ಬೂದುಗುಂಬಳಕಾಯಿ ಪಕ್ಕ ದೃಷ್ಟಿ ಬೊಂಬೆ ಬದಲು ಕಟ್ಟಿದ್ದಾರೆ, ರೋಡಲ್ಲಿ ಹೋಗೋರೆಲ್ಲಾ ತಲೆಯೆತ್ತಿ ನೋಡ್ತಾರೆ, ಮುಖ ಚೆನ್ನಾಗಿ ಕಾಣುತ್ತೆ.